ಹೇಸರಗತ್ತೆ ದಾರಿ, ರೈಲು ದಾರಿ, ಗಾಡಿ ದಾರಿ: ಗ್ರಾವೆಲ್ ಸೈಕಲ್‌ಗೆ ಯಾವುದು ಸರಿ?

ಇಲ್ಲಿ ಅಮೆರಿಕದ ವಾಷಿಂಗ್ಟನ್ ಕಡೆ ಏಪ್ರಿಲ್‌ನಲ್ಲಿ ಚಳಿ ಬಿಟ್ಟ ಕೂಡಲೇ ಪ್ರತಿ ವರ್ಷ ನನಗೊಂದು ಫೋನ್ ಬರುತ್ತದೆ. “ಗ್ರಾವೆಲ್ ಸೈಕಲ್ ತಗೊಂಡಿದ್ದೀನಿ. ಎಲ್ಲಿಗೆ ಹೋಗಲಿ?” ಗ್ರಾವೆಲ್ ಸೈಕಲ್ ಅಂದರೆ ಜಲ್ಲಿ, ಮಣ್ಣು ದಾರಿಗೆಂದು ಮಾಡಿದ ಸೈಕಲ್. ಮೊದಲೆಲ್ಲ ನಾನು ಯೋಚನೆಯೇ ಮಾಡದೆ “ಸಿ ಅಂಡ್ ಓ ಕಾಲುವೆ ದಾರಿ” ಅನ್ನುತ್ತಿದ್ದೆ. ಪುತ್ತೂರಿನ ಗೆಳೆಯನೊಬ್ಬನಿಗೂ ಹಾಗೇ ಹೇಳಿದೆ. ಅವನು ಎರಡು ದಿನ ಬಿಡದೆ ಮಳೆ ಸುರಿದ ಮಾರನೇ ದಿನ ಹೊರಟ. ಸಂಜೆ ಒಂದು ಫೋಟೋ ಕಳಿಸಿದ. ಚಕ್ರ ಯಾವುದು, ಫ್ರೇಮ್ ಯಾವುದು ಗೊತ್ತಾಗದಷ್ಟು ಕೆಸರು. ಕೆಳಗೆ ಒಂದೇ ಸಾಲು: “ಇದು ಸೈಕಲ್ ದಾರಿಯೋ, ಕಂಬಳದ ಗದ್ದೆಯೋ ಮಾರಾಯ?”

ಅಲ್ಲಿಂದ ಮುಂದೆ ಯಾರು ಕೇಳಿದರೂ ನಾನು ಮೂರು ಪ್ರಶ್ನೆ ತಿರುಗಿ ಕೇಳುತ್ತೇನೆ. ಎಷ್ಟು ದಿನ ಇದೆ? ಜೊತೆಗೆ ಯಾರಿದ್ದಾರೆ? ಈ ವಾರ ಮಳೆ ಬಂದಿತ್ತಾ? ಉತ್ತರ ಬಂದ ಮೇಲೇ ದಾರಿ ಹೇಳುವುದು.

ವಾಷಿಂಗ್ಟನ್ ಡಿ.ಸಿ.ಯಿಂದ ಕಾರಿನಲ್ಲಿ ಸುಮಾರು ನಾಲ್ಕು ಗಂಟೆಯೊಳಗೆ ತಲುಪಬಹುದಾದ ನಾಲ್ಕು ಜಾಗಗಳನ್ನು ಇಲ್ಲಿ ಹೋಲಿಸುತ್ತಿದ್ದೇನೆ. ಪೊಟೋಮ್ಯಾಕ್ ನದಿ ಪಕ್ಕದ ಸಿ ಅಂಡ್ ಓ ಟೋಪಾತ್ (ಟೋಪಾತ್ ಅಂದರೆ ದೋಣಿ ಎಳೆಯುವ ಪ್ರಾಣಿ ನಡೆಯಲು ಕಾಲುವೆ ಏರಿ ಮೇಲೆ ಮಾಡಿದ ದಾರಿ), ಅದಕ್ಕೆ ಕೊನೆಯಲ್ಲಿ ಸೇರಿಕೊಳ್ಳುವ ಗ್ರೇಟ್ ಆಲಿಗೇನಿ ಪ್ಯಾಸೇಜ್ (ಎಲ್ಲರೂ ಕರೆಯುವುದು ‘ಗ್ಯಾಪ್’ ಅಂತ), ವರ್ಜೀನಿಯಾದ ಲೌಡನ್ ಕೌಂಟಿಯ ಜಲ್ಲಿ ರಸ್ತೆಗಳು, ನ್ಯೂಜೆರ್ಸಿಯ ಡೆಲವೇರ್ ಅಂಡ್ ರಾರಿಟನ್ ಕಾಲುವೆ.

ಇವುಗಳಲ್ಲಿ ಒಂದನ್ನೂ ಸೈಕಲ್‌ಗೆಂದು ಮಾಡಿದ್ದಲ್ಲ. ಒಂದರ ಮೇಲೆ ಹೇಸರಗತ್ತೆ ನಡೆಯುತ್ತಿತ್ತು, ಒಂದರ ಮೇಲೆ ರೈಲು ಓಡುತ್ತಿತ್ತು, ಇನ್ನೊಂದರ ಮೇಲೆ ಕುದುರೆಗಾಡಿ. ದೋಣಿ ಎಳೆಯುವ ಹೇಸರಗತ್ತೆಗೆ ನೆಲ ಮಟ್ಟವಾಗಿರಬೇಕು, ನೀರು ಪಕ್ಕದಲ್ಲೇ ಇರಬೇಕು. ದಾರಿಗೆ ಜಾಸ್ತಿ ಅಗಲ ಬೇಡ, ಸ್ವಲ್ಪ ಕೆಸರಿದ್ದರೂ ನಡೆಯುತ್ತದೆ. ರೈಲಿಗೆ ಏರು ಆಗದು, ಹಳಿ ಕೆಳಗೆ ನೀರು ನಿಲ್ಲಲೂಬಾರದು. ಬೆಟ್ಟ ಅಡ್ಡ ಬಂದರೆ ಕೊರೆಯುತ್ತಾರೆ, ಕಣಿವೆ ಬಂದರೆ ಸೇತುವೆ ಹಾಕುತ್ತಾರೆ. ಗಾಡಿ ದಾರಿ ಮಾಡಿಕೊಂಡ ರೈತನ ಹತ್ತಿರ ಅಷ್ಟು ದುಡ್ಡೆಲ್ಲಿತ್ತು? ಗುಡ್ಡ ಬಂದರೆ ಹತ್ತಿಸಿದ, ಮತ್ತೆ ಇಳಿಸಿದ. ನಿಮಗಿಂತ ಮೊದಲು ಆ ದಾರಿಯಲ್ಲಿ ಏನು ಓಡಾಡುತ್ತಿತ್ತು ಅಂತ ಗೊತ್ತಾದರೆ ನಿಮ್ಮ ಕಾಲಿಗೆ, ಬೆನ್ನಿಗೆ, ಟೈರಿಗೆ ಏನು ಕಾದಿದೆ ಅಂತಲೂ ಗೊತ್ತಾಗುತ್ತದೆ.

ಸಿ ಅಂಡ್ ಓ: ಹೇಸರಗತ್ತೆಯ ದಾರಿ

ಪೂರ್ತಿ ಹೆಸರು ಚೆಸಪೀಕ್ ಅಂಡ್ ಓಹಾಯೋ ಕಾಲುವೆ. ವಾಷಿಂಗ್ಟನ್‌ನ ಜಾರ್ಜ್‌ಟೌನ್‌ನಿಂದ ಮೇರಿಲ್ಯಾಂಡ್‌ನ ಕಂಬರ್‌ಲ್ಯಾಂಡ್‌ವರೆಗೆ 184.5 ಮೈಲಿ, ಅಂದರೆ 297 ಕಿಲೋಮೀಟರ್. 1828ರ ಜುಲೈ 4ರಂದು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಗುದ್ದಲಿ ಪೂಜೆ ಮಾಡಿದರು. ಅದೇ ದಿನ ಬಾಲ್ಟಿಮೋರ್‌ನಲ್ಲಿ ಬಾಲ್ಟಿಮೋರ್ ಅಂಡ್ ಓಹಾಯೋ (ಬಿ ಅಂಡ್ ಓ) ರೈಲ್ವೆಗೂ ಅಡಿಗಲ್ಲು ಬಿತ್ತು. ಇಬ್ಬರ ಕಣ್ಣೂ ಓಹಾಯೋ ನದಿಯ ಮೇಲೆ. ರೈಲು 1842ರಲ್ಲೇ ಕಂಬರ್‌ಲ್ಯಾಂಡ್ ಮುಟ್ಟಿತು. ಕಾಲುವೆ ತೆವಳಿಕೊಂಡು 1850ಕ್ಕೆ ಬಂತು, ಅಲ್ಲೇ ನಿಂತಿತು. ಓಹಾಯೋ ಹೆಸರಿನಲ್ಲಿ ಮಾತ್ರ ಉಳಿಯಿತು. ಆದರೂ ಪಾಪ, 1924ರ ಪ್ರವಾಹ ಬಂದು ಮುಗಿಸುವವರೆಗೂ ಕಲ್ಲಿದ್ದಲು ಹೊತ್ತಿತು.

ಈ ದಾರಿಯಲ್ಲಿ ಸೈಕಲ್ ಹೊಡೆಯುವವರು ಮೊದಲು ಲಾಕ್ ಅಂದರೆ ಏನು ಅಂತ ತಿಳಿದುಕೊಳ್ಳಬೇಕು. ಲಾಕ್ ಅಂದರೆ ದೋಣಿ ಹತ್ತುವ ಮೆಟ್ಟಿಲು, ಅಷ್ಟೇ. ಕಲ್ಲಿನ ಉದ್ದ ತೊಟ್ಟಿ, ಎರಡು ಕಡೆ ಮರದ ಬಾಗಿಲು. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮೇಲಿನಿಂದ ನೀರು ಬಿಡುತ್ತಾರೆ. ನೀರು ಏರಿದ ಹಾಗೆ ದೋಣಿಯೂ ಏರುತ್ತದೆ. ಮುಂದಿನ ಬಾಗಿಲು ತೆಗೆದರೆ ಎಂಟು ಅಡಿ ಮೇಲಿನ ಕಾಲುವೆ. ಇಂಥ 74 ಲಾಕ್‌ಗಳು ಸೇರಿ ಒಟ್ಟು 605 ಅಡಿ ಏರು. 184 ಮೈಲಿಗೆ ಬರೀ 605 ಅಡಿ! ಸೈಕಲ್‌ನವರಿಗೆ ಏರು ಅಂತ ಸಿಗುವುದು ಪ್ರತಿ ಲಾಕ್ ಪಕ್ಕದಲ್ಲಿ ಹತ್ತು ಸಲ ಪೆಡಲ್ ತುಳಿದರೆ ಮುಗಿಯುವ ಪುಟ್ಟ ದಿಬ್ಬ. ಮಿಕ್ಕಿದ್ದೆಲ್ಲ ಚಪಾತಿ ಹಾಗೆ ಮಟ್ಟ.

ಒಂದು ಲಾಕ್ ಹತ್ತಿರವಾದರೂ ಸೈಕಲ್ ನಿಲ್ಲಿಸಿ, ಅಂಚಿನ ಕಲ್ಲು ಮುಟ್ಟಿ ನೋಡಿ. ಬೆರಳು ಹೋಗುವಷ್ಟು ಆಳದ ಗೀರುಗಳು ಸಿಗುತ್ತವೆ. ಯಾರೂ ಉಳಿಯಲ್ಲಿ ಕೆತ್ತಿದ್ದಲ್ಲ. ಹೇಸರಗತ್ತೆ ಎಳೆದ ಹಗ್ಗ ವರ್ಷಗಟ್ಟಲೆ ಒಂದೇ ಕಡೆ ಉಜ್ಜಿ ಉಜ್ಜಿ ಕಲ್ಲನ್ನೇ ತಿಂದಿದೆ. ನಮ್ಮೂರಿನ ಹಳೇ ಬಾವಿಕಟ್ಟೆಯಲ್ಲಿ ನೀರು ಸೇದುವ ಹಗ್ಗದ ಗುರುತು ಇರುತ್ತಿತ್ತಲ್ಲ, ಥೇಟ್ ಹಾಗೆ.

ನೆಲದ ವಿಷಯಕ್ಕೆ ಬರೋಣ. ಜಾರ್ಜ್‌ಟೌನ್‌ನಿಂದ ಗ್ರೇಟ್ ಫಾಲ್ಸ್‌ವರೆಗಿನ ಮೊದಲ 14 ಮೈಲಿ ಅಗಲವಾಗಿದೆ, ಚೆನ್ನಾಗಿದೆ, ಆದರೆ ವಾರಾಂತ್ಯದಲ್ಲಿ ಜಾತ್ರೆ. ಮಗುವಿನ ಗಾಡಿ, ನಾಯಿ, ಫೋಟೋ ತೆಗೆಯುವವರು. ಬೆಲ್ ಹೊಡೆದೇ ಮುಂದೆ ಹೋಗಬೇಕು. ನಡೆಯುವವರಿಗೆ, ಕುದುರೆಗೆ, ಹೇಸರಗತ್ತೆಗೆ ಮೊದಲು ದಾರಿ ಬಿಡಬೇಕು ಅಂತ ನಿಯಮವೇ ಇದೆ. ಮುಂದೆ ಹೋದ ಹಾಗೆ ಜನ ಕರಗುತ್ತಾರೆ. ದಾರಿ ಎರಡು ಗಾಲಿ ಜಾಡಾಗುತ್ತದೆ, ನಡುವೆ ಹುಲ್ಲು. ಮರದ ಬೇರು, ಅಲ್ಲಲ್ಲಿ ಕಲ್ಲು. ಕೆಲವು ಭಾಗಗಳಿಗೆ ಈಚೆಗೆ ಸಣ್ಣ ಜಲ್ಲಿಪುಡಿ ಹಾಕಿ ಸರಿಮಾಡಿದ್ದಾರೆ, ಅಲ್ಲಿ ಸೈಕಲ್ ತಾನಾಗಿ ಓಡುತ್ತದೆ. ಉಳಿದ ಕಡೆ ಜೇಡಿಮಣ್ಣು. ಒಣಗಿದ್ದರೆ ಸ್ವರ್ಗ. ನೆನೆದಿದ್ದರೆ ಪುತ್ತೂರಿನ ಗೆಳೆಯನನ್ನು ಕೇಳಿ.

ನೋಡಬೇಕಾದ್ದು ತುಂಬಾ ಇದೆ, ಎಲ್ಲ ಹೇಳುತ್ತಾ ಕೂರುವುದಿಲ್ಲ. 1833ರಲ್ಲಿ ಮುಗಿದ ಮೊನಾಕಸಿ ಮೇಲ್ಗಾಲುವೆ ಮಾತ್ರ ತಪ್ಪಿಸಬೇಡಿ. ಏಳು ಕಮಾನು, 516 ಅಡಿ ಉದ್ದ, ಕೆಳಗೆ ಒಂದು ನದಿ, ಮೇಲೆ ಒಂದು ಕಾಲುವೆ. 60ನೇ ಮೈಲಿ ಹತ್ತಿರ ನದಿಯಾಚೆ ಹಾರ್ಪರ್ಸ್ ಫೆರಿ. ಗುಲಾಮಗಿರಿ ಮುಗಿಸಬೇಕು ಅಂತ ಜಾನ್ ಬ್ರೌನ್ 1859ರ ಅಕ್ಟೋಬರ್‌ನಲ್ಲಿ ಸರ್ಕಾರದ ಶಸ್ತ್ರಾಗಾರಕ್ಕೆ ನುಗ್ಗಿದ ಊರು. ಅಲ್ಲಿಂದ ಸ್ವಲ್ಪ ಮುಂದೆ ಶಾರ್ಪ್ಸ್‌ಬರ್ಗ್. ಅಮೆರಿಕದ ಅಂತರ್ಯುದ್ಧದಲ್ಲಿ 1862ರ ಸೆಪ್ಟೆಂಬರ್ 17ರ ಆಂಟೀಟಮ್ ಕದನ ನಡೆದ ಹೊಲಗಳು ಟೋಪಾತ್ ಬಿಟ್ಟು ಮೂರ್ನಾಲ್ಕು ಮೈಲಿ ಒಳಗಿವೆ. ಇಲ್ಲಿ ಮಾತ್ರ ಏರು ಸಿಗುತ್ತದೆ, ನದಿ ಬಿಟ್ಟು ಮೇಲೆ ಹತ್ತಬೇಕಲ್ಲ.

155ನೇ ಮೈಲಿ ಹತ್ತಿರದ ಪಾ ಪಾ ಸುರಂಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ನಾನು ಮಂಡ್ಯದವನು. ವಿ.ಸಿ. ನಾಲೆ ಏರಿ ಮೇಲೆ ಬಾಡಿಗೆ ಸೈಕಲ್ ಹೊಡೆದು ಬೆಳೆದವನು. ಹುಲಿಕೆರೆ ಸುರಂಗದಲ್ಲಿ ನಾಲೆ ಗುಡ್ಡದೊಳಗೆ ಮಾಯವಾಗುವುದನ್ನು ನೋಡಿ ಬೆರಗಾದವನು. ಆದರೆ ಕಾಲುವೆ ಜೊತೆಗೆ ನಾವೂ ಗುಡ್ಡದೊಳಗೆ ಹೋಗಬಹುದು ಅಂತ ಗೊತ್ತಾಗಿದ್ದು ಇಲ್ಲೇ. 3,118 ಅಡಿ ಉದ್ದ, ಅರವತ್ತು ಲಕ್ಷಕ್ಕೂ ಜಾಸ್ತಿ ಇಟ್ಟಿಗೆ. 1836ರಲ್ಲಿ ಶುರುವಾಗಿ, ದುಡ್ಡಿಲ್ಲದೆ ನಡುವೆ ವರ್ಷಗಟ್ಟಲೆ ನಿಂತು, 1850ಕ್ಕೆ ಮುಗಿಯಿತು. ನದಿಯ ಆರು ಮೈಲಿ ಬಳಸು ತಪ್ಪಿಸಲು ಇಷ್ಟು ಕಷ್ಟ! ಒಳಗೆ ದೀಪ ಇಲ್ಲ. ಸೈಕಲ್ ತಳ್ಳಿಕೊಂಡು ನಡೆಯಬೇಕು, ಟಾರ್ಚ್ ಬೇಕೇ ಬೇಕು. ದಾರಿ ಕಿರಿದು, ಒಂದು ಕಡೆ ಕಟಕಟೆ, ಅದರಾಚೆ ಕಪ್ಪು ನೀರು. ಸುರಂಗದಲ್ಲಿ ಎದುರುಬದುರಾದ ಎರಡು ದೋಣಿಯವರು ‘ನೀನು ಹಿಂದೆ ಹೋಗು, ನಾನು ಹೋಗಲ್ಲ’ ಅಂತ ದಿನಗಟ್ಟಲೆ ಹಟ ಹಿಡಿದರಂತೆ. ಕೊನೆಗೆ ಮೇಲಿನವರು ಹಸಿ ಜೋಳದ ದಂಟು ಸುಟ್ಟು, ಹೊಗೆ ಹಾಕಿ ಓಡಿಸಿದರು ಅಂತ ಕಥೆ. ನಿಜವೋ ಸುಳ್ಳೋ, ಅಲ್ಲಿ ನಡೆದರೆ ನಂಬಿಬಿಡುತ್ತೀರಿ.

ಮಲಗುವುದಕ್ಕೆ ಐದಾರು ಮೈಲಿಗೊಂದು ಟೆಂಟ್ ಹಾಕುವ ಜಾಗ ಇದೆ. ಪುಕ್ಕಟೆ. ಮುಂಗಡ ಬುಕಿಂಗ್ ಇಲ್ಲ, ಮೊದಲು ಬಂದವರಿಗೆ. ಒಂದು ಮೇಜು, ಬೆಂಕಿ ಹಾಕುವ ಗುಂಡಿ, ಪ್ಲಾಸ್ಟಿಕ್ ಡಬ್ಬಿಯ ಶೌಚಾಲಯ, ಒಂದು ಹ್ಯಾಂಡ್‌ಪಂಪ್. ನೀರು ಕಬ್ಬಿಣದ ರುಚಿ. ನಿಂಬೆಹಣ್ಣು ಒಯ್ದರೆ ಕುಡಿಯಲು ಆಗುತ್ತದೆ. ಚಳಿಗಾಲದಲ್ಲಿ ಪಂಪಿನ ಹಿಡಿಕೆ ತೆಗೆದುಬಿಡುತ್ತಾರೆ, ಅದು ನೆನಪಿರಲಿ. ಇನ್ನೊಂದು ಮಾತು ಯಾರೂ ಮೊದಲೇ ಹೇಳುವುದಿಲ್ಲ: ಎಷ್ಟೋ ಕಡೆ ರೈಲು ಹಳಿ ನದಿ ಪಕ್ಕದಲ್ಲೇ ಇದೆ. ಗೂಡ್ಸ್ ಗಾಡಿ ರಾತ್ರಿಯಿಡೀ ಕೂಗುತ್ತದೆ. 1828ರ ಜಗಳ ಇನ್ನೂ ಮುಗಿದಿಲ್ಲ ಅಂದುಕೊಂಡು, ಕಿವಿಗೆ ಹತ್ತಿ ತುರುಕಿ ಮಲಗಿ. ಟೆಂಟ್ ಬೇಡ ಅನ್ನುವವರಿಗೆ ಕೆಲವು ಹಳೇ ಲಾಕ್ ಮನೆಗಳು ಬಾಡಿಗೆಗೆ ಸಿಗುತ್ತವೆ, ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕು.

ಅಂದ ಹಾಗೆ, ಈ ದಾರಿ ಉಳಿದದ್ದೇ ಒಂದು ನಡಿಗೆಯಿಂದ. 1950ರ ದಶಕದಲ್ಲಿ ಇದರ ಮೇಲೆ ಕಾರು ರಸ್ತೆ ಮಾಡುವ ಯೋಚನೆ ಇತ್ತು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ‘ನನ್ನ ಜೊತೆ ನಡೆದು ನೋಡಿ, ಆಮೇಲೆ ಬರೆಯಿರಿ’ ಅಂತ ಪತ್ರಿಕೆಯ ಸಂಪಾದಕರಿಗೆ ಸವಾಲು ಹಾಕಿ, 1954ರಲ್ಲಿ ಪೂರ್ತಿ ನಡೆದೇಬಿಟ್ಟರು. 1971ರಲ್ಲಿ ಇದು ರಾಷ್ಟ್ರೀಯ ಉದ್ಯಾನ ಆಯಿತು.

ಗ್ಯಾಪ್: ರೈಲಿನ ದಾರಿ

ಕಂಬರ್‌ಲ್ಯಾಂಡ್‌ನಲ್ಲಿ ಸಿ ಅಂಡ್ ಓ ಮುಗಿಯುವ ಕಡೆಯೇ ಗ್ಯಾಪ್ ಶುರು. ಪಿಟ್ಸ್‌ಬರ್ಗ್‌ವರೆಗೆ 150 ಮೈಲಿ. ಇದು ಟೋಪಾತ್ ಅಲ್ಲ, ಕಿತ್ತುಹಾಕಿದ ರೈಲು ಹಳಿಯ ಜಾಗ. ಆದರೆ ಬಹುಪಾಲು ನದಿ ಪಕ್ಕದಲ್ಲೇ ಹೋಗುತ್ತದೆ. 1986ರಲ್ಲಿ ಒಹಾಯೋಪೈಲ್ ಹತ್ತಿರ ಮೊದಲ ತುಂಡು ತೆರೆಯಿತು, 2013ರಲ್ಲಿ ಪೂರ್ತಿಯಾಯಿತು.

ಒಂದೇ ಮಾತಲ್ಲಿ ಹೇಳಬೇಕೆಂದರೆ ಸಿ ಅಂಡ್ ಓ ಕಾಡುಹಾದಿ, ಗ್ಯಾಪ್ ಹೆದ್ದಾರಿ. ಸುಣ್ಣಕಲ್ಲಿನ ಪುಡಿ ಹಾಸಿ ಗಟ್ಟಿ ಮಾಡಿದ ನೆಲ. ರೈಲಿನವರು ನೀರು ಹರಿದುಹೋಗುವ ವ್ಯವಸ್ಥೆ ಮೊದಲೇ ಮಾಡಿಟ್ಟಿದ್ದಾರೆ. ಮಳೆ ನಿಂತು ಅರ್ಧ ದಿನವಾದರೆ ಸಾಕು, ಸೈಕಲ್ ಓಡುತ್ತದೆ. ನನ್ನ ಮಗಳು ಹದಿಮೂರು ವರ್ಷಕ್ಕೆ ಮೊದಲ ದೊಡ್ಡ ಸವಾರಿ ಮಾಡಿದ್ದು ಇಲ್ಲೇ, ಅದೂ ಮಾಮೂಲಿ ಹೈಬ್ರಿಡ್ ಸೈಕಲ್‌ನಲ್ಲಿ.

ಏರು ಇದೆ, ಆದರೆ ರೈಲಿನ ಏರು. ಕಂಬರ್‌ಲ್ಯಾಂಡ್ ಕಡೆಯಿಂದ ಹೊರಟರೆ ಮೊದಲ 24 ಮೈಲಿಯಲ್ಲಿ 1,700 ಅಡಿಗೂ ಜಾಸ್ತಿ ಹತ್ತಬೇಕು. ಇಳಿಜಾರು ಎಲ್ಲೂ ಶೇಕಡ 2 ದಾಟುವುದಿಲ್ಲ. ಕಣ್ಣಿಗೆ ಏರು ಕಾಣುವುದೇ ಇಲ್ಲ, ಅದೇ ಮೋಸ. ‘ಯಾಕೋ ಇವತ್ತು ಕಾಲು ಬರ್ತಾ ಇಲ್ಲ’ ಅಂತ ಮೂರು ಗಂಟೆ ನಿಮ್ಮನ್ನು ನೀವೇ ಬೈದುಕೊಳ್ಳುತ್ತೀರಿ. ಅದಕ್ಕೇ ನಾನು ಹೇಳುವುದು, ಮೊದಲ ಸಲ ಹೋಗುವವರು ಪಿಟ್ಸ್‌ಬರ್ಗ್‌ನಿಂದ ಶುರು ಮಾಡಿ. ಎರಡು ಮೂರು ದಿನ ಗೊತ್ತೇ ಆಗದ ಹಾಗೆ ಏರಿ, ಕೊನೆಯ ದಿನ ಕಂಬರ್‌ಲ್ಯಾಂಡ್‌ಗೆ ಪೆಡಲ್ ತುಳಿಯದೇ ಇಳಿಯಬಹುದು.

ಆ ಕೊನೆಯ ದಿನವೇ ಇದರ ಮಜಾ. 1,908 ಅಡಿ ಉದ್ದದ ಸಾಲ್ಸ್‌ಬರಿ ಸೇತುವೆ. ಕೆಳಗೆ ಹೊಲ, ನದಿ, ಹೆದ್ದಾರಿ, ರೈಲು ಎಲ್ಲ ಆಟದ ಸಾಮಾನಿನ ಹಾಗೆ. ಆಮೇಲೆ 2,392 ಅಡಿ ಎತ್ತರದ ನೀರು ಹಂಚುವ ದಿಬ್ಬ. ಅದರ ಒಂದು ಕಡೆ ಬಿದ್ದ ಮಳೆ ಪೊಟೋಮ್ಯಾಕ್ ಸೇರಿ ಅಟ್ಲಾಂಟಿಕ್‌ಗೆ, ಇನ್ನೊಂದು ಕಡೆಯದು ಮಿಸಿಸಿಪ್ಪಿ ಸೇರಿ ಮೆಕ್ಸಿಕೋ ಕೊಲ್ಲಿಗೆ. ಸಕಲೇಶಪುರದ ಹತ್ತಿರ ನೇತ್ರಾವತಿ ಕಡೆ ಒಂದು, ಕಾವೇರಿ ಕಡೆ ಒಂದು ಅಂತ ಮಳೆ ಪಾಲಾಗುತ್ತದಲ್ಲ, ಹಾಗೆ. ಅದಾದ ಮೇಲೆ 3,294 ಅಡಿಯ ಬಿಗ್ ಸ್ಯಾವೇಜ್ ಸುರಂಗ. ಇದಕ್ಕೆ ಒಳಗೆ ದೀಪ ಇದೆ, ಸೈಕಲ್ ಹತ್ತಿಯೇ ಹೋಗಬಹುದು. ಆದರೆ ಚಳಿಗಾಲದಲ್ಲಿ ಬಾಗಿಲು ಹಾಕುತ್ತಾರೆ. ಡಿಸೆಂಬರ್‌ನಿಂದ ಏಪ್ರಿಲ್ ಮೊದಲ ವಾರದವರೆಗೆ ಪೂರ್ತಿ ದಾರಿ ಯೋಜನೆ ಹಾಕಬೇಡಿ.

ನದಿಯ ಹೆಸರು ಯಾಕಿಗೇನಿ. ಅಲ್ಲಿನವರು ಚಿಕ್ಕದಾಗಿ ‘ಯಾಕ್’ ಅನ್ನುತ್ತಾರೆ. “ಈ ನದಿ ಹೆಸರೇನಪ್ಪಾ?” “ಯಾಕ್.” “ಸುಮ್ನೆ ಕೇಳ್ದೆ.” ಮಗಳು ಈ ಜೋಕನ್ನು ಮೂರು ದಿನ ಬಿಡಲಿಲ್ಲ.

ಇತಿಹಾಸ ಬೇಕೆನ್ನುವವರಿಗೆ ಇಲ್ಲಿ ಕೋಟೆ, ಕದನಕ್ಕಿಂತ ಕಲ್ಲಿದ್ದಲು ಮತ್ತು ಉಕ್ಕಿನದೇ ಜಾಸ್ತಿ. ಪಿಟ್ಸ್‌ಬರ್ಗ್ ಪಕ್ಕದ ಹೋಮ್‌ಸ್ಟೆಡ್‌ನಲ್ಲಿ ದಾರಿ ಪಕ್ಕದಲ್ಲೇ ಹಳೇ ಪಂಪ್‌ಹೌಸ್ ಇದೆ. 1892ರ ಜುಲೈ 6ರಂದು ಮುಷ್ಕರ ಹೂಡಿದ್ದ ಉಕ್ಕಿನ ಕಾರ್ಮಿಕರಿಗೂ ಕಂಪನಿ ಕರೆಸಿದ ಕಾವಲು ಪಡೆಗೂ ಹೊಡೆದಾಟ ಆಗಿ ಎರಡು ಕಡೆಯೂ ಜನ ಸತ್ತ ಜಾಗ. ಇನ್ನೊಂದು ನಮ್ಮವರಿಗೆ ಮಾತ್ರ ಹೇಳುವ ಲಾಭ: ಪಿಟ್ಸ್‌ಬರ್ಗ್‌ನ ಪೆನ್ ಹಿಲ್ಸ್‌ನಲ್ಲಿ 1970ರ ದಶಕದಲ್ಲಿ ಕಟ್ಟಿದ ವೆಂಕಟೇಶ್ವರ ದೇವಸ್ಥಾನ. ಮನೆಯವರನ್ನು ಹೊರಡಿಸಲು ‘ಸೈಕಲ್’ ಅಂದರೆ ಆಗದು, ‘ವೆಂಕಟೇಶ್ವರ’ ಅಂದರೆ ಕಾರು ಹತ್ತುತ್ತಾರೆ. ದೇವಸ್ಥಾನದ ಪುಳಿಯೋಗರೆ ಡಬ್ಬಿಗೆ ಹಾಕಿಸಿಕೊಂಡು ಹೊರಟರೆ ಮೊದಲ ದಿನದ ಊಟದ ಚಿಂತೆ ಇಲ್ಲ.

ಲೌಡನ್: ಗಾಡಿ ದಾರಿ

ಆಶ್‌ಬರ್ನ್ ಕಡೆ ಇರುವ ಕನ್ನಡಿಗರಿಗೆ ಇದು ಹಿತ್ತಲು, ಆದರೆ ಎಷ್ಟೋ ಜನ ನೋಡಿಯೇ ಇಲ್ಲ. ಡೇಟಾ ಸೆಂಟರ್‌ಗಳ ಕಿಟಕಿಯಿಲ್ಲದ ಗೋಡೆ ದಾಟಿ ಅರ್ಧ ಗಂಟೆ ಪಶ್ಚಿಮಕ್ಕೆ ಹೋದರೆ ಡಾಂಬರು ಮುಗಿಯುತ್ತದೆ. ಅಲ್ಲಿಂದ ಆಚೆಗೆ 250 ಮೈಲಿಗೂ ಜಾಸ್ತಿ ಜಲ್ಲಿ ರಸ್ತೆ. ಎರಡು ಕಡೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆಗಳು, ಕುದುರೆ ಲಾಯ, ದ್ರಾಕ್ಷಿ ತೋಟ.

ಇಲ್ಲಿ ಉದ್ದಕ್ಕೆ ಒಂದೇ ದಾರಿ ಅಂತ ಇಲ್ಲ, ಬಲೆ ಇದ್ದ ಹಾಗೆ. ನಿಮ್ಮ ಸುತ್ತನ್ನು ನೀವೇ ಹೆಣೆದುಕೊಳ್ಳಬೇಕು, ಫೋನಿನಲ್ಲಿ ಮೊದಲೇ ನಕ್ಷೆ ಇಳಿಸಿಕೊಳ್ಳಬೇಕು. ಪರ್ಸೆಲ್‌ವಿಲ್‌ವರೆಗೆ 45 ಮೈಲಿ ಡಾಂಬರು ಹಾಕಿದ ಡಬ್ಲ್ಯೂ ಅಂಡ್ ಓಡಿ ಸೈಕಲ್ ದಾರಿ ಇದೆ. ಅದನ್ನು ಬೆನ್ನುಮೂಳೆ ಮಾಡಿಕೊಂಡು ಲಿಂಕನ್, ಯೂನಿಸನ್ ಕಡೆಗೆ ತಿರುಗುವುದು ಸುಲಭ. ಒಂದು ಬೆಳಿಗ್ಗೆ ಮಾತ್ರ ಇದೆ ಅನ್ನುವವರಿಗೆ ಲೀಸ್‌ಬರ್ಗ್‌ನಿಂದ ಓಲ್ಡ್ ವಾಟರ್‌ಫರ್ಡ್ ರೋಡ್ ಹಿಡಿದು ವಾಟರ್‌ಫರ್ಡ್‌ಗೆ ಹೋಗಿಬನ್ನಿ ಅನ್ನುತ್ತೇನೆ.

ವಾಟರ್‌ಫರ್ಡ್ ಪೆನ್ಸಿಲ್ವೇನಿಯಾದಿಂದ ಬಂದ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು 1733ರ ಸುಮಾರಿಗೆ ಹುಟ್ಟುಹಾಕಿದ ಊರು. ಗುಲಾಮರನ್ನು ಇಟ್ಟುಕೊಳ್ಳುವುದು ಪಾಪ ಅಂದವರು, ಅದೂ ವರ್ಜೀನಿಯಾದಲ್ಲಿ ಕೂತು. ಅಂತರ್ಯುದ್ಧದಲ್ಲಿ ರಾಜ್ಯವೆಲ್ಲ ದಕ್ಷಿಣದ ಕಡೆಯಾದರೆ, 1862ರಲ್ಲಿ ಈ ಸುತ್ತಮುತ್ತಲಿಂದ ಲೌಡನ್ ರೇಂಜರ್ಸ್ ಅಂತ ಒಂದು ಪಡೆ ಎದುರು ಪಕ್ಷಕ್ಕೆ, ಅಂದರೆ ಉತ್ತರದ ಒಕ್ಕೂಟಕ್ಕೆ ಸೇರಿತು. ಯುದ್ಧ ಮುಗಿದು ಎರಡೇ ವರ್ಷಕ್ಕೆ, 1867ರಲ್ಲಿ, ಕಪ್ಪು ಮಕ್ಕಳಿಗಾಗಿ ಕಟ್ಟಿದ ಒಂದು ಕೋಣೆಯ ಶಾಲೆ ಇನ್ನೂ ನಿಂತಿದೆ. ಒಂದು ಸಲ ಆ ಶಾಲೆಯ ನೆರಳಲ್ಲಿ ಕೂತು ಕೋಡುಬಳೆ ಕಟಕಟ ತಿನ್ನುತ್ತಿದ್ದೆ. ಎದುರು ಮನೆಯ ಅಜ್ಜಿ ಬಂದು ನೀರಿನ ಬಾಟಲಿ ತುಂಬಿಸಿಕೊಟ್ಟರು. ಕೋಡುಬಳೆ ಒಂದು ತಗೊಂಡು ‘ಖಾರ’ ಅಂತ ಕಣ್ಣು ಒರೆಸಿಕೊಂಡರು, ಇನ್ನೊಂದಕ್ಕೂ ಕೈ ಚಾಚಿದರು.

ಆದರೆ ಕಾಲಿಗೆ ಇದು ಕಠಿಣ. ಮೂವತ್ತು ಮೈಲಿ ಅಂದರೆ ಟೋಪಾತ್‌ನ ಅರವತ್ತು ಅಂದುಕೊಳ್ಳಿ. ಗುಡ್ಡಗಳು ದೊಡ್ಡವಲ್ಲ, ಕಡಿದು. ಮೇಲೆ ಬಂದೆ ಅನ್ನುವಷ್ಟರಲ್ಲಿ ಮತ್ತೆ ಇಳಿಜಾರು, ಕೆಳಗೆ ಹಳ್ಳ, ಮತ್ತೆ ಏರು. ಗಾಡಿ ಚಕ್ರದಿಂದ ನೆಲ ಅಲೆಅಲೆಯಾಗಿರುತ್ತದೆ, ಇಳಿಯುವಾಗ ಹಲ್ಲು ಕಟಕಟ ಅನ್ನುತ್ತದೆ. ಹೊಸದಾಗಿ ಜಲ್ಲಿ ಸುರಿದ ವಾರ ಸಿಕ್ಕಿದರೆ ದೇವರೇ ಗತಿ, ರಾಗಿ ರಾಶಿ ಮೇಲೆ ಸೈಕಲ್ ಹೊಡೆದ ಹಾಗೆ. ಕಾರುಗಳೂ ಬರುತ್ತವೆ, ಕಡಿಮೆ ಅಷ್ಟೇ. ಕುದುರೆ ಬಂದರೆ ನಿಲ್ಲಿ, ಸವಾರರ ಹತ್ತಿರ ಮಾತಾಡಿ. ಮನುಷ್ಯರ ದನಿ ಕೇಳಿದರೆ ಕುದುರೆ ಬೆದರುವುದಿಲ್ಲ. ಅಂಗಡಿ ಗಂಟೆಗಟ್ಟಲೆ ಸಿಗುವುದಿಲ್ಲ.

ಮಳೆಯ ಮಟ್ಟಿಗೆ ಮಾತ್ರ ಇದೇ ವಾಸಿ. ರಸ್ತೆ ಉಬ್ಬಾಗಿರುವುದರಿಂದ ನೀರು ಪಕ್ಕಕ್ಕೆ ಇಳಿದುಹೋಗುತ್ತದೆ. ಸಿ ಅಂಡ್ ಓ ಇನ್ನೂ ಕೆಸರಾಗಿರುವ ದಿನ ಇಲ್ಲಿ ಧೂಳೂ ಇರುವುದಿಲ್ಲ, ಕೆಸರೂ ಇರುವುದಿಲ್ಲ.

ಡಿ ಅಂಡ್ ಆರ್: ಎಡಿಸನ್, ಪ್ರಿನ್ಸ್‌ಟನ್ ಕಡೆಯವರಿಗೆ

ವಾಷಿಂಗ್ಟನ್ ಕಡೆಯ ಕನ್ನಡ ಸಂಘದ ಹೆಸರು ಕಾವೇರಿ, ನ್ಯೂಜೆರ್ಸಿಯದ್ದು ಬೃಂದಾವನ. ಕನ್ನಂಬಾಡಿ ಬಿಟ್ಟು ಇಷ್ಟು ದೂರ ಬಂದರೂ ನಾವು ನಾಲೆ ಪಕ್ಕದಿಂದ ಎದ್ದಿಲ್ಲ ಅಂತ ನಾನು ತಮಾಷೆ ಮಾಡುವುದುಂಟು. ಬೃಂದಾವನದವರ ಪಕ್ಕದಲ್ಲಿ ನಿಜವಾಗಿಯೂ ಒಂದು ಕಾಲುವೆ ಇದೆ. 1834ರಲ್ಲಿ ತೆರೆದು, 1932ರಲ್ಲಿ ದೋಣಿ ನಿಂತು, 1974ರಲ್ಲಿ ರಾಜ್ಯ ಉದ್ಯಾನವಾದ ಡೆಲವೇರ್ ಅಂಡ್ ರಾರಿಟನ್ ಕಾಲುವೆ. ತೋಡಿದವರು ಹೆಚ್ಚಾಗಿ ಐರಿಷ್ ಕೂಲಿಗಳು, 1832ರ ಕಾಲರಾದಲ್ಲಿ ಅವರಲ್ಲಿ ಎಷ್ಟೋ ಜನ ಸತ್ತರು. ಇಂದಿಗೂ ಈ ಕಾಲುವೆ ಸತ್ತಿಲ್ಲ. ಮಧ್ಯ ನ್ಯೂಜೆರ್ಸಿಯ ಲಕ್ಷಗಟ್ಟಲೆ ನಲ್ಲಿಗಳಿಗೆ ಇದರದ್ದೇ ನೀರು.

ಸೈಕಲ್ ಹೊಡೆಯುವ ದಾರಿ ಒಟ್ಟು 70 ಮೈಲಿ ಹತ್ತಿರ. ಎರಡು ತುಂಡು, ಎರಡು ಗುಣ. ಪ್ರಿನ್ಸ್‌ಟನ್, ಕಿಂಗ್‌ಸ್ಟನ್, ಗ್ರಿಗ್ಸ್‌ಟೌನ್ ಕಡೆಯದು ನಿಜವಾದ ಟೋಪಾತ್: ನೆರಳು, ಕಿರಿದು, ನೀರಿಗೆ ಅಂಟಿಕೊಂಡು. ಭಾನುವಾರ ಬೆಳಿಗ್ಗೆ ಎರಡು ಗಂಟೆ ಹೋಗಿ ಬಂದು ಮನೆಯಲ್ಲಿ ಬಿಸಿಬೇಳೆಬಾತ್ ತಿನ್ನಬಹುದು. ಇನ್ನೊಂದು ಡೆಲವೇರ್ ನದಿ ಪಕ್ಕದ ಮೇಲಿನ ತುಂಡು. ಹೆಸರಿಗೆ ಕಾಲುವೆ ದಾರಿಯಾದರೂ ಕಾಲ ಕೆಳಗಿರುವುದು ಹಳೇ ರೈಲು ಜಾಗ. ಅದಕ್ಕೇ ಅಷ್ಟು ನುಣ್ಣಗಿದೆ.

ನನಗೆ ಎರಡನೆಯದೇ ಇಷ್ಟ. ಲ್ಯಾಂಬರ್ಟ್‌ವಿಲ್‌ನಿಂದ ಫ್ರೆಂಚ್‌ಟೌನ್‌ಗೆ ಸುಮಾರು 16 ಮೈಲಿ. ಬಂದ ದಾರಿಯಲ್ಲೇ ವಾಪಸ್ ಬರಬೇಕಿಲ್ಲ. ಸೇತುವೆ ದಾಟಿದರೆ ಪೆನ್ಸಿಲ್ವೇನಿಯಾ ದಡದಲ್ಲಿ ಇನ್ನೊಂದು ಹಳೇ ಕಾಲುವೆ, ಅದಕ್ಕೂ ಅದರದ್ದೇ ಟೋಪಾತ್. ಹೋಗುವಾಗ ರೈಲು ದಾರಿ, ಬರುವಾಗ ಹೇಸರಗತ್ತೆ ದಾರಿ. ಎರಡರ ವ್ಯತ್ಯಾಸ ಒಂದೇ ದಿನದಲ್ಲಿ ಸೀಟಿಗೆ ತಿಳಿಯುತ್ತದೆ. ದೂರ ಜಾಸ್ತಿಯಾಯಿತು ಅನ್ನಿಸಿದರೆ ನಡುವೆ ಬುಲ್ಸ್ ಐಲ್ಯಾಂಡ್ ಹತ್ತಿರ ನಡೆಯುವವರಿಗೆ ಮಾತ್ರ ಇರುವ ತೂಗುಸೇತುವೆ ಇದೆ, ಅಲ್ಲೇ ದಾಟಿ ತಿರುಗಿ. ಸೇತುವೆ ಮೇಲೆ ಸೈಕಲ್ ತಳ್ಳಿಕೊಂಡು ಹೋಗಬೇಕು. 1776ರ ಕ್ರಿಸ್‌ಮಸ್ ರಾತ್ರಿ ಜಾರ್ಜ್ ವಾಷಿಂಗ್ಟನ್ ಸೈನ್ಯ ಮಂಜುಗಡ್ಡೆ ತೇಲುವ ಈ ನದಿ ದಾಟಿದ ಜಾಗ ಲ್ಯಾಂಬರ್ಟ್‌ವಿಲ್‌ನ ಕೆಳಗೆ ಸಿಗುತ್ತದೆ.

ನ್ಯೂಯಾರ್ಕ್‌ನ ಈರಿ ಕಾಲುವೆ ಯಾಕೆ ಬಿಟ್ಟೆ ಅಂತ ಕೇಳಬಹುದು. 360 ಮೈಲಿ ಒಳ್ಳೆಯ ದಾರಿ, ನಿಜ. ಆದರೆ ನಾನು ಹೊಡೆದದ್ದು ಒಂದೇ ಮಧ್ಯಾಹ್ನ. ಅಷ್ಟರಲ್ಲಿ ಸಲಹೆ ಕೊಡುವುದು ಸರಿಯಲ್ಲ.

ಹಾಗಾದರೆ ಯಾವುದು?

ಎರಡು ರಾತ್ರಿ ಮೂರು ಹಗಲು, ಜೊತೆಗೆ ಮಕ್ಕಳೋ ಹೊಸಬರೋ ಇದ್ದರೆ ಗ್ಯಾಪ್. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಪೂರ್ತಿ ಬೇಡ, ಕನೆಲ್ಸ್‌ವಿಲ್‌ನಿಂದ ಕಂಬರ್‌ಲ್ಯಾಂಡ್ ಸಾಕು. ಊರೂರಿನಲ್ಲೂ ಕೋಣೆ ಸಿಗುತ್ತದೆ, ಸಾಮಾನು ಕಾರಿನಲ್ಲಿ ಮುಂದಿನ ಊರಿಗೆ ಸಾಗಿಸುವವರೂ ಇದ್ದಾರೆ. ಟೆಂಟ್ ಹೊತ್ತು, ನಾಲ್ಕೈದು ದಿನ ಯಾರ ಮುಖವೂ ನೋಡದೆ ಇರಬೇಕು ಅನ್ನುವ ಆಸೆ ಇದ್ದರೆ ಸಿ ಅಂಡ್ ಓ. ಅದರಲ್ಲೂ 60ರಿಂದ 184ನೇ ಮೈಲಿ ನಡುವಿನದು. ಮೇ ಕೊನೆ ಅಥವಾ ಅಕ್ಟೋಬರ್, ಹೊರಡುವ ಮೊದಲು ಮೂರು ದಿನ ಬಿಸಿಲು. ದಾರಿ ನಡುವೆ ಮಳೆ ಹಿಡಿದರೆ ಹ್ಯಾನ್‌ಕಾಕ್ ಆಚೀಚೆ ಟೋಪಾತ್‌ಗೆ ಜೋಡಿಯಾಗಿ 28 ಮೈಲಿ ಡಾಂಬರಿನ ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ ಟ್ರೇಲ್ ಓಡುತ್ತದೆ. ನಾಚಿಕೆ ಬಿಟ್ಟು ಅದಕ್ಕೆ ಹತ್ತಿಬಿಡಿ.

ಅರ್ಧ ದಿನ ಮಾತ್ರ ಇದೆ, ಕಾಲಲ್ಲಿ ಕಸುವಿದೆ ಅಂದರೆ ಲೌಡನ್. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಅವರು ನಡೆಯಲಿ, ನಾವು ಸೈಕಲ್ ಹೊಡೆಯೋಣ ಅನ್ನುವವರಿಗೆ ಗ್ರೇಟ್ ಫಾಲ್ಸ್ ಅಥವಾ ಲ್ಯಾಂಬರ್ಟ್‌ವಿಲ್. ಎರಡು ಕಡೆಯೂ ಕೂರಲು ಜಾಗ, ಶೌಚಾಲಯ, ನೋಡಲು ನೀರು ಇದೆ.

ಟೈರ್ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಅಂಗಡಿಯವರೊಬ್ಬರು ‘28 ಮಿಲಿಮೀಟರ್ ಅಗಲ ಸಾಕು ಸರ್’ ಅಂದರು, ನಂಬಿದೆ. ಸಿ ಅಂಡ್ ಓದಲ್ಲಿ ಒಂದೇ ದಿನ ಮೂರು ಪಂಕ್ಚರ್, ಎರಡು ದಿನ ಮಣಿಕಟ್ಟು ನೋವು. ಸಿ ಅಂಡ್ ಓಗೆ 40ರಿಂದ 45 ಇರಲಿ, ಗಾಳಿ ಕಡಿಮೆ ಹೊಡೆಸಿ. ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ಬಗ್ಗಬೇಕು. ಟೈರಿಗೂ ಫ್ರೇಮಿಗೂ ನಡುವೆ ಬೆರಳು ಸಲೀಸಾಗಿ ಹೋಗುವಷ್ಟು ಜಾಗ ಬೇಕು, ಇಲ್ಲದಿದ್ದರೆ ಕೆಸರು ಕಚ್ಚಿಕೊಂಡು ಚಕ್ರವೇ ನಿಲ್ಲುತ್ತದೆ. ಗ್ಯಾಪ್, ಡಿ ಅಂಡ್ ಆರ್‌ಗೆ 35 ಧಾರಾಳ. ಲೌಡನ್‌ಗೆ 38–40, ಆದರೆ ಅಲ್ಲಿ ಟೈರಿಗಿಂತ ಗೇರ್ ಮುಖ್ಯ. ಹಿಂದಿನ ದೊಡ್ಡ ಹಲ್ಲುಚಕ್ರ ನಿಜವಾಗಿಯೂ ದೊಡ್ಡದಿರಲಿ. ಬ್ರೇಕ್ ಪ್ಯಾಡ್ ಹೊರಡುವ ಮೊದಲೇ ನೋಡಿಕೊಳ್ಳಿ.

ಊಟ: ದಾರಿ ಪಕ್ಕದ ಸಣ್ಣ ಊರುಗಳಲ್ಲಿ ಸಸ್ಯಾಹಾರ ಅಂದರೆ ಚೀಸ್ ಪಿಜ್ಜಾ, ಆಲೂಗಡ್ಡೆ ಫ್ರೈಸ್, ಮುಗಿಯಿತು. ಮೊದಲ ದಿನಕ್ಕೆ ಚಪಾತಿ, ಚಟ್ನಿಪುಡಿ, ಎರಡನೇ ದಿನಕ್ಕೆ ಅವಲಕ್ಕಿ. ಬಿಸಿನೀರು ಎಲ್ಲಾದರೂ ಸಿಗುತ್ತದೆ, ಅವಲಕ್ಕಿ ಎಲ್ಲಿದ್ದರೂ ಆಗುತ್ತದೆ. ಶೇಂಗಾ ಚಿಕ್ಕಿಗಿಂತ ಒಳ್ಳೆಯ ಎನರ್ಜಿ ಬಾರ್ ಯಾರೂ ಮಾಡಿಲ್ಲ.

ರಕ್ತ ಹೀರುವ ಉಣ್ಣಿ ಬಗ್ಗೆ ತಮಾಷೆ ಬೇಡ. ಇಲ್ಲಿನ ಒಂದು ಜಾತಿಯ ಉಣ್ಣಿ ಕಚ್ಚಿದರೆ ಲೈಮ್ ಕಾಯಿಲೆ ಬರಬಹುದು. ಹುಲ್ಲಿನಲ್ಲಿ ಸೈಕಲ್ ಮಲಗಿಸಿ ಪಕ್ಕದಲ್ಲಿ ನೀವೂ ಮಲಗಬೇಡಿ. ಸಂಜೆ ಮೊಣಕಾಲ ಹಿಂದೆ, ಸೊಂಟದ ಪಟ್ಟಿ ಹತ್ತಿರ, ಕಿವಿ ಹಿಂದೆ ನೋಡಿಕೊಳ್ಳಿ. ಮುಟ್ಟಿದರೆ ಮೈ ತುರಿಸುವ, ಮೂರೆಲೆ ಗೊಂಚಲಿನ ಪಾಯ್ಸನ್ ಐವಿ ಬಳ್ಳಿ ದಾರಿ ಅಂಚಿನಲ್ಲೇ ಇರುತ್ತದೆ. ‘ಪಕ್ಕಕ್ಕೆ ಹೋಗಿ ಬರ್ತೀನಿ’ ಅನ್ನುವವರು ಇದನ್ನು ಗುರುತು ಹಿಡಿಯಲು ಕಲಿತೇ ಹೋಗಿ.

ವಾಪಸ್ ಬರುವುದಕ್ಕೆ ಕಂಬರ್‌ಲ್ಯಾಂಡ್, ಹಾರ್ಪರ್ಸ್ ಫೆರಿ, ಕನೆಲ್ಸ್‌ವಿಲ್, ಪಿಟ್ಸ್‌ಬರ್ಗ್ ನಾಲ್ಕೂ ಕಡೆ ಆಮ್‌ಟ್ರಾಕ್ ರೈಲು ನಿಲ್ಲುತ್ತದೆ. ದಿನಕ್ಕೊಂದೇ ರೈಲು, ಸೈಕಲ್‌ಗೆ ಬೇರೆ ಟಿಕೆಟ್, ಜಾಗ ಬೆರಳೆಣಿಕೆಯಷ್ಟು. ನಿಮ್ಮ ಟಿಕೆಟ್‌ಗಿಂತ ಮೊದಲು ಸೈಕಲ್‌ಗೆ ಜಾಗ ಇದೆಯಾ ನೋಡಿ, ಆಮೇಲೆ ರಜೆ ಹಾಕಿ. ನಾನು ಒಂದು ಸಲ ತಿರುಗಾಮುರುಗಾ ಮಾಡಿ, ಕಂಬರ್‌ಲ್ಯಾಂಡ್ ಸ್ಟೇಷನ್‌ನಲ್ಲಿ ಸೈಕಲ್ ಹಿಡಿದು ನಿಂತುಕೊಂಡೇ ರೈಲಿಗೆ ಟಾಟಾ ಮಾಡಿದ್ದೇನೆ. ಕರೆದುಕೊಂಡು ಹೋಗಲು ಎರಡೂವರೆ ಗಂಟೆ ಕಾರು ಓಡಿಸಿಕೊಂಡು ಬಂದವನು ಆ ಪುತ್ತೂರಿನವನೇ. ದಾರಿಯುದ್ದಕ್ಕೂ ಏನೂ ಮಾತಾಡಲಿಲ್ಲ. ಮನೆ ಹತ್ತಿರ ಇಳಿಸುವಾಗ ಕೇಳಿದ, “ಮುಂದಿನ ವಾರ ಮಳೆ ಇಲ್ವಂತೆ, ಹೋಗುವನಾ ಮಾರಾಯ?”